ಅಕ್ಕನಿಗೆ ಕೇಳಿಸಿದ ‘ವಾರೆ’

ಆ ಮಧ್ಯಾಹ್ನ ನಾವು ಮೂವರು ಜೀವಸಹಿತ ದಂಡೆಗೆ ಬಂದದ್ದು ಒಂದು ಶಬ್ದವನ್ನು ತಪ್ಪಾಗಿ ಕೇಳಿಸಿಕೊಂಡದ್ದರಿಂದ. ಮೂವರೆಂದರೆ ನಾನು, ನನ್ನ ಯಜಮಾನರು, ಮತ್ತು ಧಾರವಾಡದಿಂದ ಬೇಸಿಗೆಗೆಂದು ನಮ್ಮಲ್ಲಿಗೆ ಬಂದಿದ್ದ ಅವರ ಅಕ್ಕ. ಮೂವರಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಬೆಳಗಾವಿಯ ಕಾನ್ವೆಂಟ್‌ನಲ್ಲಿ ಸಿಸ್ಟರ್‌ಗಳು ನನಗೆ ಕಸೂತಿ ಕಲಿಸಿದರು, ಟೇಬಲ್ ಮ್ಯಾನರ್ಸ್ ಕಲಿಸಿದರು, ಬೆನ್ನು ನೆಟ್ಟಗೆ ಇಟ್ಟುಕೊಂಡು ನಡೆಯುವುದನ್ನು ಕಲಿಸಿದರು. ನೀರಿಗಿಳಿಯುವುದು ಲೇಡಿಲೈಕ್ ಅಲ್ಲವೆಂದು ಅದೊಂದನ್ನು ಬಿಟ್ಟರು.

ಮಡಗಾಂವದ ಭಾಂಡೆ ಅಂಗಡಿಯವರಿಗೆ ದೋಣಿ ಯಾಕೆ ಬೇಕಿತ್ತು ಎಂದು ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಮ್ಮವರು ಮೀಸೆ ಮೂಡುವ ಮೊದಲೇ ಧಾರವಾಡದಿಂದ ಬಂದು ಮಾರ್ಕೆಟ್ಟಿನಲ್ಲಿ ಚಿಕ್ಕಪ್ಪನ ಅಂಗಡಿಯ ಗಾದಿಯ ಮೇಲೆ ಕೂತವರು. ಸುತ್ತ ಸ್ಟೀಲಿನ ಡಬ್ಬಿ, ಹಿತ್ತಾಳೆಯ ಹಂಡೆ, ಮೇಲೆ ಗರಗರ ತಿರುಗುವ ಫ್ಯಾನು. ಸಮುದ್ರ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರವಿದ್ದರೂ ಅವರ ಪಾಲಿಗೆ ಅದು ಭಾನುವಾರ ಸಂಜೆಯದು ಮಾತ್ರ. ಪ್ಯಾಂಟು ಮಡಚಿ, ಹಿಮ್ಮಡಿ ಮುಳುಗುವಷ್ಟು ನೀರಿನಲ್ಲಿ ನಿಂತು, ದೂರದ ಮೀನುಗಾರರ ಹೋಡಿಗಳನ್ನು ಸುಮ್ಮನೆ ನೋಡುತ್ತಿದ್ದರು. ಅಂಗಡಿಯನ್ನು ಮಗಳ ಕೈಗೆ ಒಪ್ಪಿಸಿದ ದಿನ ಮನೆಗೆ ಬಂದು, “ಇನ್ನ ನಾ ನೀರಿಗೆ ಹೋಗಾಂವ” ಎಂದರು. ನಾನು ಕಾಶಿಗೇನೋ ಎಂದುಕೊಂಡು ಸೂಟ್‌ಕೇಸ್ ಇಳಿಸಿದೆ.

ನಮ್ಮ ಹಿತ್ತಲಿನ ಆಚೆಯ ಮನೆಯಲ್ಲಿ ಒಬ್ಬ ಕ್ರಿಶ್ಚನ್ ಗೃಹಸ್ಥರಿದ್ದರು. ಹಡಗಿನ ಇಂಜಿನ್ ರೂಮಿನಲ್ಲಿ ಆಯುಷ್ಯ ಕಳೆದು ನಿವೃತ್ತರಾದವರು. ನಾವೆಲ್ಲ ಅವರನ್ನು ಬಾಬ್ ಎನ್ನುತ್ತಿದ್ದೆವು. ಇಲ್ಲಿಯ ಕೊಂಕಣಿಯಲ್ಲಿ ಅದು ಗಂಡಸರಿಗೆ ಗೌರವದ ಮಾತು. ಅವರ ಬಳಿ ಫೈಬರಿನ ಒಂದು ಚಿಕ್ಕ ಮೋಟಾರು ಬೋಟು, ಅದನ್ನು ಕಾರಿನ ಹಿಂದೆ ಎಳೆಯಲು ಎರಡು ಗಾಲಿಯ ಟ್ರೇಲರ್ ಇದ್ದವು. ಮೊಣಕಾಲು ಕೈಕೊಟ್ಟ ಮೇಲೆ ಬೋಟನ್ನು ನಮ್ಮವರಿಗೆ ಕೊಟ್ಟರು. ಕೊಟ್ಟರು ಎನ್ನುವುದಕ್ಕಿಂತ, ಮಗಳನ್ನು ಧಾರೆ ಎರೆದರು ಎನ್ನಬೇಕು. ಅಷ್ಟು ಕಂಡೀಷನ್ನು ಹಾಕಿದರು.

“ಶೇಟ್, ಮೊದಲು ಕೆರೆ. ಸಮುದ್ರ ಆಮೇಲೆ,” ಎಂದರು. ಕೆರೆ ಸುಲಭ ಎಂದು ನಮ್ಮವರು ನಕ್ಕರೆ ಬಾಬ್‌ಗೆ ಸಿಟ್ಟು. ಸಮುದ್ರ ದೂರದಿಂದಲೇ ಹೇಳಿ ಬರುತ್ತದೆ, ಗುಡ್ಡದ ನಡುವಿನ ಕೆರೆ ಹೇಳುವುದಿಲ್ಲ, ಗುಡ್ಡದ ಹಿಂದೆ ಏನು ನಡೆದಿದೆ ಎಂದು ತಲೆಯ ಮೇಲೆ ಬರುವ ತನಕ ತಿಳಿಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದರು, ನಾನು ಕನ್ನಡದಲ್ಲಿ ಇವರಿಗೆ ಹೇಳಿದೆ. ಹಾಗೆ ನಾನು ಆ ಕ್ಲಾಸಿನ ಇಂಟರ್‌ಪ್ರಿಟರ್ ಆದೆ. ನಮ್ಮವರಿಗೆ ಕೊಂಕಣಿ ಬರುತ್ತಿತ್ತು, ಆದರೆ ವ್ಯಾಪಾರದ ಕೊಂಕಣಿ. ಲೋಟ, ತಟ್ಟೆ, ಇಷ್ಟಕ್ಕೆ ಕೊಡಿ, ಆಗುವುದಿಲ್ಲ, ಇಷ್ಟು.

ಆ ಚಳಿಗಾಲವೆಲ್ಲ ಪಾಠ ಒಣ ನೆಲದ ಮೇಲೆಯೇ ನಡೆಯಿತು. ಟ್ರೇಲರನ್ನು ಕಾರಿನ ಕೊಂಡಿಗೆ ಸಿಕ್ಕಿಸಿದ ಮೇಲೆ ಸರಪಳಿಗಳನ್ನು ಕೆಳಗೆ ಒಂದಕ್ಕೊಂದು ಅಡ್ಡ ಹಾಕಬೇಕು, ಕೊಂಡಿ ಕಳಚಿದರೂ ಟ್ರೇಲರಿನ ಮೂತಿ ನೆಲಕ್ಕೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ಕೂರುತ್ತದೆ. ಹಿಂದಿನ ದೀಪ ಹೊತ್ತುತ್ತವೆಯೋ ನೋಡಬೇಕು. ದಾರಿಯಲ್ಲಿ ನಿಂತಾಗಲೆಲ್ಲ ಗಾಲಿಯ ನಡುವನ್ನು ಕೈಯಿಂದ ಮುಟ್ಟಿ ನೋಡಬೇಕು, ಸುಡುತ್ತಿದ್ದರೆ ಮುಂದೆ ಹೋಗಬಾರದು. ಹಿಂದಕ್ಕೆ ಸರಿಸುವುದಂತೂ ದೇವರಿಗೇ ಪ್ರೀತಿ. ಸ್ಟೇರಿಂಗು ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ನಮ್ಮ ದಾಸವಾಳದ ಬೇಲಿ ಆ ವಿದ್ಯಾಭ್ಯಾಸದಲ್ಲಿ ಹೋಯಿತು.

ಮೇ ತಿಂಗಳಲ್ಲಿ ಅಕ್ಕ ಬಂದರು. ತಮ್ಮನಿಗಿಂತ ಆರು ವರ್ಷ ದೊಡ್ಡವರು, ತಾಯಿ ಬೇಗ ಹೋದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ನನಗೆ ಮೊಮ್ಮಕ್ಕಳಾದರೂ ನಾನು ಅವರ ಬಾಯಲ್ಲಿ ‘ಹುಡುಗಿ’ಯೇ. ಬೋಟಿನ ಸುತ್ತ ಒಂದು ಸುತ್ತು ಬಂದು, “ಇದರಾಗ ಎತ್ತು ಎಲ್ಲಿ ಕಟ್ಟತಾರ?” ಎಂದು ಗಂಭೀರವಾಗಿ ಕೇಳಿದರು. ತಮಾಷೆಯೋ ಖರೆಯೋ ಗೊತ್ತಾಗಲಿಲ್ಲ. ಅವರದ್ದು ಯಾವಾಗಲೂ ಹಾಗೇ.

ಅಕ್ಕನಿಗೆ ತೋರಿಸಲೆಂದೇ ಒಂದು ಬೆಳಿಗ್ಗೆ ಹೊರಟೆವು. ಕುಡಚಡೆ ದಾಟಿ ಒಳಗೆ ಹೋದರೆ ಗುಡ್ಡಗಳ ನಡುವೆ ಅಣೆಕಟ್ಟಿನ ಹಿನ್ನೀರು ಹರಡಿಕೊಂಡಿದೆ. ಅಲ್ಲಿ ಬೋಟು ಇಳಿಸಲು ಒಂದು ಜಾರು ದಂಡೆ ಬಾಬ್‌ಗೆ ಗೊತ್ತಿತ್ತು. ಅವರು ಮುಂದೆ ನಮ್ಮವರ ಪಕ್ಕ ಕೂತರು, ನಾನೂ ಅಕ್ಕನೂ ಹಿಂದೆ. ಊರು ದಾಟುವ ತನಕ ಎಲ್ಲ ಬ್ಯೂಟಿಫುಲ್. ಆಮೇಲೆ ಇಳಿಜಾರಿನಲ್ಲಿ ಸ್ವಲ್ಪ ವೇಗ ಬಂದದ್ದೇ ತಡ, ಯಾರೋ ನಮ್ಮ ಕಾರಿನ ಸೊಂಟ ಹಿಡಿದು ಕುಲುಕಿದಂತಾಯಿತು. ತಿರುಗಿ ನೋಡಿದರೆ ಟ್ರೇಲರ್ ನಾಯಿಯ ಬಾಲದ ಹಾಗೆ ಅತ್ತಿತ್ತ ಹೊಯ್ದಾಡುತ್ತಿದೆ. ಅದರ ಹಿಂದೆಯೇ ಕೆಂಪು ಧೂಳಿನ ಒಂದು ಅದಿರಿನ ಟ್ರಕ್ಕು, ಹಾರ್ನ್ ಬಾರಿಸುತ್ತ.

“ಬ್ರೇಕ್ ನಾಕಾ!” ಬಾಬ್ ಕೂಗಿದರು. ಬ್ರೇಕು ಬೇಡ. ತಿರುಗಿಸುವುದೂ ಬೇಡ. ಕಾಲು ಮೆಲ್ಲಗೆ ತೆಗೆಯಿರಿ, ಸ್ಟೇರಿಂಗು ನೆಟ್ಟಗೆ ಹಿಡಿಯಿರಿ, ಅಷ್ಟೇ.

ನಮ್ಮವರು ಕುತ್ತಿಗೆಯ ನರ ಉಬ್ಬಿಸಿಕೊಂಡು ನೆಟ್ಟಗೆ ಹಿಡಿದರು. ಕಾರು ನಿಧಾನವಾಯಿತು, ಬಾಲ ಸುಮ್ಮನಾಯಿತು, ಟ್ರಕ್ಕಿನವನು ನಮ್ಮ ವಂಶಕ್ಕೆಲ್ಲ ಏನೋ ಹೇಳಿ ಮುಂದೆ ಹೋದ.

ಬದಿಗೆ ನಿಲ್ಲಿಸಿ ಬಾಬ್ ಬೋಟಿನ ತಾಡಪತ್ರಿ ಎತ್ತಿದರು. ಎತ್ತಿದವರು ಹಾಗೇ ನಿಂತರು. ಬೋಟಿನ ಹಿಂಭಾಗದಲ್ಲಿ, ಇಂಜಿನ್ನಿನ ಬುಡದಲ್ಲಿ, ಬಾಯಿಗೆ ಬಟ್ಟೆ ಬಿಗಿದ ಎರಡು ಕೊಡ ನೀರು. ಅವುಗಳ ನಡುವೆ ರೊಟ್ಟಿಯ ಡಬ್ಬಿ, ಮೊಸರಿನ ಗಡಿಗೆ. ಅದರಾಚೆ, ಗೋಣಿಯ ಮೇಲೆ ಭದ್ರವಾಗಿ ಕೂತಿರುವ ನಮ್ಮ ಅಡುಗೆಮನೆಯ ಖಾರ ಕುಟ್ಟುವ ಕಲ್ಲು, ಗುಂಡು ಸಮೇತ.

“ಇದೇನ್ ಅಕ್ಕಾ?” ನಮ್ಮವರ ದನಿ ಅಳುವ ಹಾಗಿತ್ತು.

“ಏನಂದ್ರ? ಖಾರ ಕುಟ್ಟಾಕ. ಮನಿಯಾಗ ಕುಟ್ಟಿ ತಂದ್ರ ತಂಗಳ ಆಗತೈತಿ. ಹಸಿಖಾರ ಇಲ್ಲದ ನೀ ರೊಟ್ಟಿ ತಿಂತಿಯೇನು? ಸಣ್ಣಾಂವ ಇದ್ದಾಗಿಂದ ನೋಡೇನಿ.”

“ಮತ್ತ ನೀರು? ಕೆರಿಗೆ ನೀರು ಹೊತ್ಕೊಂಡ ಹೊಂಟೀಯಲ್ಲ!”

“ಆ ನೀರು ಯಾರು ಕುಡೀಬೇಕು? ಹೊಟ್ಟಿ ಕೆಟ್ರ ನಿನ್ನ ಹೆಣ್ತಿ ಇಂಗ್ಲೀಷಿನಾಗ ಔಷಧ ಕೊಡತಾಳೇನು?”

ಬಾಬ್‌ಗೆ ನಾನು ಭಾಷಾಂತರಿಸಿ ಹೇಳಿದೆ. ಅವರು ಹ್ಯಾಟು ತೆಗೆದು ಅಕ್ಕನಿಗೆ ಒಂದು ನಮಸ್ಕಾರ ಮಾಡಿದರು. ಹಿಂದೆ ಭಾರ ಹೆಚ್ಚಾದರೆ ಟ್ರೇಲರಿನ ಮೂತಿ ಎದ್ದು ಬಾಲ ಕುಣಿಯುತ್ತದೆಯಂತೆ. ಭಾರ ಮುಂದೆ, ಗಾಲಿಗಿಂತ ಸ್ವಲ್ಪ ಮುಂದೆ ಇರಬೇಕಂತೆ. ಕೊಡಗಳನ್ನು ಚೆಲ್ಲಿಸಲು ಅಕ್ಕ ಬಿಡಲಿಲ್ಲ. ಕಲ್ಲನ್ನು ನಮ್ಮ ಕಾಲಬುಡಕ್ಕೆ, ಕಾರಿನೊಳಗೆ ತಂದಿಟ್ಟೆವು. ಕೊಡಗಳನ್ನು ನಾನೊಂದು ಅವರೊಂದು ತೊಡೆಯ ಮೇಲೆ ಹಿಡಿದುಕೊಂಡು ಉಳಿದ ದಾರಿ ಸಾಗಿದೆವು. ನನ್ನ ಸೀರೆಯೆಲ್ಲ ತೊಯ್ದು ಹೋಗಿತ್ತು, ಕೆರೆ ಇನ್ನೂ ಕಂಡೇ ಇರಲಿಲ್ಲ.

ಈ ಗಲಾಟೆಯಲ್ಲಿ ಹೊತ್ತು ಏರಿತು. ದಂಡೆ ಸೇರಿ, ಅಕ್ಕ ಖಾರ ಕುಟ್ಟಿ, ಊಟ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಹೊರಳಿತ್ತು. ಮೇ ತಿಂಗಳ ಮಧ್ಯಾಹ್ನ ಬೋಟು ನೀರಿನಲ್ಲಿರಬಾರದು ಎಂಬುದು ಬಾಬ್ ಅವರದೇ ನಿಯಮ; ಅಡ್ಡಮಳೆಯ ಕಾಲ, ಸಂಜೆಗೆ ಗುಡುಗು ಗ್ಯಾರಂಟಿ. ಆದರೆ ನಮ್ಮವರ ಮುಖ ನೋಡಿ ಅವರ ಮನಸ್ಸು ಕರಗಿತು. ಒಂದೇ ಸುತ್ತು, ದಂಡೆಯ ಹತ್ತಿರವೇ, ತಮ್ಮ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಎಂದರು. ತಾವು ಮೊಣಕಾಲಿನ ದೆಸೆಯಿಂದ ಬರಲಿಲ್ಲ. ಬೋಟಿನ ತಳದ ತೂತಿಗೆ ಬೂಚು ಹಾಕಿದೆಯೋ ಇಲ್ಲವೋ ತಾವೇ ಬಗ್ಗಿ ನೋಡಿದರು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಮೂವರಿಗೂ ಕೊಟ್ಟರು.

“ಇಳಕಲ್ ಸೀರಿ ಮ್ಯಾಲ ಇದೇನು ಹಮಾಲನ ಗತೆ,” ಎಂದು ಅಕ್ಕ ದೂರ ತಳ್ಳಿದರು.

“ನೋ ಜಾಕೆಟ್, ನೋ ಬೋಟ್, ಬಾಯ್,” ಎಂದರು ಬಾಬ್. ಬಾಯ್ ಎಂದರೆ ಕೊಂಕಣಿಯಲ್ಲಿ ಅಮ್ಮಾ ಎಂದ ಹಾಗೆ; ಉಳಿದದ್ದಕ್ಕೆ ಭಾಷಾಂತರ ಬೇಕಾಗಲಿಲ್ಲ. ಅಕ್ಕ ಸೆರಗು ಸಿಕ್ಕಿಸಿ ತೊಟ್ಟುಕೊಂಡರು, ಬಾಬ್ ಪಟ್ಟಿಗಳನ್ನೆಲ್ಲ ಎಳೆದು ಬಿಗಿ ಮಾಡಿದರು. ಕೊನೆಗೆ ನಮ್ಮವರ ಮಣಿಕಟ್ಟಿಗೆ ಒಂದು ಕೆಂಪು ಸುರುಳಿ ಹಗ್ಗ ಕಟ್ಟಿದರು. ಅದರ ಇನ್ನೊಂದು ತುದಿಯ ಕ್ಲಿಪ್ಪು ಇಂಜಿನ್ನಿನಲ್ಲಿ ಸಿಕ್ಕಿಕೊಂಡಿರುತ್ತದೆ. ನಡೆಸುವವನು ನೀರಿಗೆ ಬಿದ್ದರೆ ಕ್ಲಿಪ್ಪು ಕಳಚಿ ಇಂಜಿನ್ ತಾನೇ ನಿಲ್ಲುತ್ತದೆ. ಇಲ್ಲದಿದ್ದರೆ ಬೋಟು ಬಿದ್ದವನ ಮೇಲೆಯೇ ಸುತ್ತಿ ಬರುತ್ತದೆ.

ನೀರಿನ ಮೇಲೆ ಹೋದ ಮೇಲೆ ನನ್ನ ಗಂಡನನ್ನು ನಾನು ಹೊಸದಾಗಿ ನೋಡಿದೆ. ಗಾದಿಯ ಮೇಲೆ ಅಷ್ಟು ವರ್ಷ ಬಗ್ಗಿದ್ದ ಬೆನ್ನು ನೆಟ್ಟಗಾಗಿತ್ತು, ಸಿಸ್ಟರ್‌ಗಳು ಕಂಡಿದ್ದರೆ ಪೋಸ್ಚರಿಗೆ ಮಾರ್ಕ್ಸ್ ಕೊಡುತ್ತಿದ್ದರು. ಸುತ್ತ ಹಸಿರು ಗುಡ್ಡ, ನಡುವೆ ಕನ್ನಡಿಯಂಥ ನೀರು, ನೀರಿನಿಂದ ಎದ್ದ ಒಣ ಮರಗಳ ಬೊಡ್ಡೆ. ಒಂದೇ ಸುತ್ತು ಎಂದದ್ದು ಎರಡಾಯಿತು. ಆಮೇಲೆ ನಡುವಿನ ನಡುಗಡ್ಡೆಯನ್ನು ಅಕ್ಕನಿಗೆ ತೋರಿಸಬೇಕೆಂದು ಅವರಿಗೆ ಹೊಳೆಯಿತು. ದಂಡೆಯ ಮೇಲೆ ಬಾಬ್ ಹ್ಯಾಟು ಬೀಸುತ್ತಿದ್ದರು. ನಾವು ಖುಷಿಯಿಂದ ಕೈ ಬೀಸಿದೆವು.

ನಡುಗಡ್ಡೆಯ ಹತ್ತಿರ ನಮ್ಮವರು ವೇಗ ಇಳಿಸಿ ಎದ್ದು ನಿಂತರು. “ಅಕ್ಕಾ, ಅಲ್ಲಿ ನೋಡ, ಆ ಬಿಳಿ ಹಕ್ಕಿ...”

ಆಗ ದೂರದಿಂದ ಬಾಬ್ ಅವರ ದನಿ ನೀರಿನ ಮೇಲೆ ತೇಲಿ ಬಂತು. ಎರಡೂ ಕೈ ಬಾಯಿಗಿಟ್ಟು ಕೂಗುತ್ತಿದ್ದರು. ನನಗೆ ಏನೂ ತಿಳಿಯಲಿಲ್ಲ. ಅಕ್ಕನಿಗೆ ತಿಳಿಯಿತು.

“ವಾರೆ ಅನ್ನಾಕತ್ತಾನ! ವಾರೆ ಆಗೇತಂತ! ಕುಂಡ್ರೋ!”

“ಎಲ್ಲಿ ವಾರೆ? ಬೋಟು ನೆಟ್ಟಗ ಐತಲ್ಲ ಅಕ್ಕಾ.”

“ಅಂವಗ ದೂರದಿಂದ ಕಾಣತೈತಿ, ನಿನಗೇನು ಕಾಣತೈತಿ? ಬಂಡಿ ವಾರೆ ಆದಾಗ ನಿಂದರಬಾರದು, ನಡುವ ಕುಂಡ್ರಬೇಕು. ಕುಂಡ್ರಂದ್ರ ಕುಂಡ್ರು!” ಎಂದವರೇ ಅವರ ಜಾಕೆಟ್ಟಿನ ಬೆನ್ನಪಟ್ಟಿ ಹಿಡಿದು ಜಗ್ಗಿದರು. ಎಪ್ಪತ್ತು ದಾಟಿದ ತಮ್ಮ, ಶಾಲೆಯ ಹುಡುಗನ ಹಾಗೆ ಬೋಟಿನ ತಳಕ್ಕೆ ಕುಸಿದ. “ಏ ಹುಡುಗಿ, ನೀನೂ ಕೆಳಗ ಇಳಿ!” ನಾನೂ ಸೀಟಿನಿಂದ ಇಳಿದು ತಳದಲ್ಲಿ ಕೂತೆ. ಕಾನ್ವೆಂಟಿನ ವಿಧೇಯತೆ, ಕೇಳುವ ಪ್ರಶ್ನೆಯೇ ಇಲ್ಲ.

ಕೂತೆವೋ ಇಲ್ಲವೋ, ಗಾಳಿ ಬಂತು.

ಬೀಸಿತು ಎಂದರೆ ಸಾಲದು. ನಮ್ಮ ಬೆನ್ನ ಹಿಂದಿನ ಗುಡ್ಡದಾಚೆಯಿಂದ ಒಂದು ಗೋಡೆಯೇ ಬಿದ್ದ ಹಾಗೆ ಬಂತು. ಕನ್ನಡಿ ಕಪ್ಪಾಯಿತು. ಬೋಟು ಒಂದು ಬದಿಗೆ ಎಷ್ಟು ವಾಲಿತೆಂದರೆ ನನ್ನ ಕೈಗೆ ಅಂಚಿನಾಚೆಯ ನೀರು ತಾಗಿತು. ಆ ಕ್ಷಣ ನಮ್ಮವರು ನಿಂತೇ ಇದ್ದಿದ್ದರೆ ಹೋಗಿಬಿಡುತ್ತಿದ್ದರು, ಅವರ ಹಿಂದೆ ಬೋಟೂ ಮಗುಚುತ್ತಿತ್ತು. ಇದು ನನಗೆ ಆಗಲೇ, ಅಲ್ಲಿಯೇ ತಿಳಿಯಿತು.

ಇಂಜಿನ್ ನಿಂತುಹೋಗಿತ್ತು. ಅಲೆಗಳು ಬೋಟಿನ ಪಕ್ಕಕ್ಕೆ ಹೊಡೆಯುತ್ತಿದ್ದವು, ಪ್ರತಿ ಅಲೆಯ ಜೊತೆ ಒಂದು ಬೊಗಸೆ ನೀರು ಒಳಗೆ. ನಮ್ಮವರು ಮಂಡಿಯೂರಿ ಇಂಜಿನ್ನಿನ ಹಗ್ಗ ಎಳೆದರು, ಮತ್ತೆ ಎಳೆದರು. ಗೊರ್ ಎನ್ನುವುದು, ಸುಮ್ಮನಾಗುವುದು. ಅವರ ತುಟಿ ನೀಲಿಯಾಗಿತ್ತು. ಎರಡು ವರ್ಷದ ಹಿಂದೆ ಬೈಪಾಸ್ ಆದ ಎದೆ ಅದು. ನಾನು ಅವರ ಎದೆಯನ್ನೇ ನೋಡುತ್ತಿದ್ದೆ, ಹಾಗಾಗಿ ಮಣಿಕಟ್ಟು ಕಂಡಿತು. ಕೆಂಪು ಹಗ್ಗ ಅಲ್ಲಿ ನೇತಾಡುತ್ತಿತ್ತು, ಕ್ಲಿಪ್ಪು ತುದಿಯಲ್ಲಿ. ಅಕ್ಕ ಜಗ್ಗಿದ ರಭಸಕ್ಕೆ ಅದು ಕಳಚಿಕೊಂಡಿತ್ತು.

“ಏನ್ರೀ! ಯುವರ್ ಕಾರ್ಡ್! ಕೆಂಪು ಹಗ್ಗಾ!” ಹೆದರಿದಾಗ ನನಗೆ ಎರಡೂ ಭಾಷೆ ಒಟ್ಟಿಗೇ ಬರುತ್ತವೆ.

ಅವರು ಕ್ಲಿಪ್ಪು ಸಿಕ್ಕಿಸಿ ಎಳೆದರು. ಇಂಜಿನ್ ಹಿಡಿಯಿತು.

ಮಳೆ ಆಗಲೇ ಸುರಿಯತೊಡಗಿತ್ತು, ನಾವು ಬಂದ ದಂಡೆ ಕಾಣುತ್ತಿರಲಿಲ್ಲ. ಅವರು ಕಾರು ಇದ್ದ ಕಡೆಗೇ ತಿರುಗಿಸಹೊರಟರು. ಮನೆಗೆ ಹೋಗುವವರು ಕಾರಿನ ಕಡೆಗೇ ಅಲ್ಲವೇ ಹೋಗುವುದು. ಗುಡುಗು ತಲೆಯ ಮೇಲೆಯೇ ಇತ್ತು. “ಕಾರು ಬ್ಯಾಡ್ರಿ, ಯಾವುದಾರ ದಂಡಿ,” ಎಂದೆ. “ಹತ್ತಿರದ್ದು. ಪ್ಲೀಸ್.” ಅವರು ನನ್ನ ಮುಖ ನೋಡಿ ನಡುಗಡ್ಡೆಯ ಕಡೆ ತಿರುಗಿಸಿದರು. ಅಲೆಗೆ ನೇರ ಅಲ್ಲ, ಅಡ್ಡವೂ ಅಲ್ಲ, ಮೂತಿಯನ್ನು ಸ್ವಲ್ಪ ವಾರೆಯಾಗಿ ಇಟ್ಟುಕೊಂಡು, ಮೆಲ್ಲಗೆ, ಬಾಬ್ ನಮ್ಮ ಅಂಗಳದಲ್ಲಿ ಕೈಯಾಡಿಸಿ ತೋರಿಸಿದ ಹಾಗೆಯೇ. ಅಕ್ಕ ಮೊಸರಿನ ಗಡಿಗೆಯ ಮುಚ್ಚಳದಿಂದ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಮುಚ್ಚಳ ಅವರ ಕೈಗೆ ಹೇಗೆ ಬಂತೋ, ಗಡಿಗೆ ದಂಡೆಯ ಮೇಲಿತ್ತು.

ಬೋಟು ಕೆಸರಿಗೆ ತಾಗಿತು. ಮರಗಳ ಕೆಳಗೆ ಹೋಗಬಾರದೆಂದು ನನಗೆ ನೆನಪಿತ್ತು. ಬಯಲಿನ ತಗ್ಗಿನಲ್ಲಿ ಕುರುಚಲು ಗಿಡಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತೆವು. ಮಳೆ ಬಂದಷ್ಟೇ ಬೇಗ ಹೋಯಿತು. ಬಿಸಿಲು ಬಿದ್ದಾಗ ಮೊದಲು ಕಂಡದ್ದು ಎದುರು ದಂಡೆಯಲ್ಲಿ ನೀರಿನೊಳಗೆ ಸೊಂಟದ ತನಕ ನಿಂತಿದ್ದ ಬಾಬ್. ಆ ಮೊಣಕಾಲು ತೆಗೆದುಕೊಂಡು ಅಲ್ಲಿಯ ತನಕ ಹೇಗೆ ಇಳಿದಿದ್ದರೋ. ನಾವು ನಿಧಾನವಾಗಿ ಅವರ ಬಳಿಗೆ ಬೋಟು ತಂದಾಗ ಅವರು ನಮ್ಮ ತಲೆಗಳನ್ನು ಒಂದೊಂದಾಗಿ ನೋಡಿದರು, ಶಿಲುಬೆಯ ಗುರುತು ಮಾಡಿಕೊಂಡರು, ಆಮೇಲೆ ಬೈಯತೊಡಗಿದರು. ನಾನು ಭಾಷಾಂತರಿಸದ ಇಂಗ್ಲಿಷ್ ಅದು. ಕೊನೆಗೆ ಅಕ್ಕನ ಕಡೆ ತಿರುಗಿ, ಅಷ್ಟು ಕೂಗಿದೆನಲ್ಲ, ಯಾರಿಗೂ ಕೇಳಿಸಲಿಲ್ಲವೇ ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಕ್ಕ ಎದೆ ಉಬ್ಬಿಸಿದರು. “ಕೇಳಿಸದ ಏನು? ವಾರೆ ಅಂದಿ. ಅದಕ್ಕ ಎಲ್ಲಾರನ್ನೂ ಕೆಳಗ ಕುಂಡ್ರಿಸಿದೆ.”

ಬಾಬ್ ಕಣ್ಣು ಕಿರಿದು ಮಾಡಿದರು. “ವಾರೆಂ ಯೆತಾ, ಅಂದೆ. ವಾರೆಂ! ವಿಂಡ್!”

ಕೊಂಕಣಿಯಲ್ಲಿ ವಾರೆಂ ಅಂದರೆ ಗಾಳಿ. ನೀರಿನ ಮೇಲೆ ಕಪ್ಪು ಗೆರೆ ಓಡಿಬರುವುದನ್ನು ಕಂಡು ಗಾಳಿ ಬರುತ್ತಿದೆ ಎಂದು ಅವರು ಕೂಗಿದ್ದರು. ನಮ್ಮ ಕಡೆಯ ವಾರೆ ಓರೆಯಾದದ್ದು, ಒಂದು ಬದಿಗೆ ವಾಲಿದ್ದು. ಗೋವಾದಲ್ಲಿ ಇಷ್ಟು ವರ್ಷ ಬಾಳಿದ ನಾನು, ನಮ್ಮವರು, ಇಬ್ಬರಿಗೂ ಆ ಕೂಗು ಅರ್ಥವಾಗಿರಲಿಲ್ಲ. ಅರ್ಥವಾಗಿದ್ದರೂ ಏನು ಮಾಡುತ್ತಿದ್ದೆವು? ಗಾಳಿ ಎಲ್ಲಿ ಎಂದು ಇವರು ನಿಂತುಕೊಂಡೇ ಸುತ್ತ ನೋಡುತ್ತಿದ್ದರು. ಅಕ್ಕ ಅದನ್ನು ತಪ್ಪಾಗಿ ಕೇಳಿಸಿಕೊಂಡು ಸರಿಯಾದದ್ದನ್ನು ಮಾಡಿಸಿದರು.

ನಾನು ಅದನ್ನು ವಿವರಿಸಿದಾಗ ಬಾಬ್ ದಂಡೆಯ ಮೇಲೆ ಕೂತುಬಿಟ್ಟರು, ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು. ನಗೆ ನಿಂತ ಮೇಲೂ ನೀರು ನಿಲ್ಲಲಿಲ್ಲ. ಅಕ್ಕನಿಗೆ ಮಾತ್ರ ಒಪ್ಪಿಗೆಯಿಲ್ಲ. “ಗಾಳಿಯೂ ಬಂತು, ವಾರೆನೂ ಆತು. ನಾ ಹೇಳಿದ್ದೇನು ಸುಳ್ಳಾತು?”

ನಮ್ಮ ಮನೆಗಳಲ್ಲಿ ಸ್ವಂತದವರಿಗೆ ಥ್ಯಾಂಕ್ಯೂ ಎನ್ನುವ ರೂಢಿಯಿಲ್ಲ, ಎಂದರೆ ಅವಮಾನ ಮಾಡಿದ ಹಾಗೆ. ನಮ್ಮವರು ಆ ಕೆಸರಿನಲ್ಲೇ ಬಗ್ಗಿ ಅಕ್ಕನ ಪಾದ ಮುಟ್ಟಿದರು. ಅಕ್ಕ ಗಾಬರಿಯಾದರು. “ಏಳೋ ಏಳೋ, ಸೊಂಟ ಹಿಡಿದೀತು.” ಎಬ್ಬಿಸುವ ನೆಪದಲ್ಲಿ ಅವರ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಬಹಳ ಹೊತ್ತು ಹಾಗೇ ನಿಂತಿದ್ದರು. ನಾನು ಬೇರೆ ಕಡೆ ನೋಡಿದೆ.

ಇನ್ನು ಬೋಟು ಸಾಕು ಎಂದು ನಾನೇ ಹೇಳುವೆನೆಂದು ಎಲ್ಲರೂ ಕಾದರು, ಮಗಳಂತೂ ಹಾರೈಸಿದಳು. ನಾನು ಹೇಳಲಿಲ್ಲ. ಆ ನೆಟ್ಟಗಿನ ಬೆನ್ನನ್ನು ನಾನು ನೋಡಿದ್ದೆ.

ಮಳೆಗಾಲ ಕಳೆದ ಮೇಲೆ ನಾವಿಬ್ಬರೂ ಬಾಬ್ ಜೊತೆ ಅದೇ ಕೆರೆಗೆ ಮತ್ತೆ ಹೋದೆವು. ಬೆಳಗಿನ ಹೊತ್ತು, ನೀರು ಮೊದಲಿನ ಹಾಗೇ ಶಾಂತ. ನಡುಗಡ್ಡೆಗೆ ಅರ್ಧ ದಾರಿ ಹೋಗಿದ್ದೆವೋ ಇಲ್ಲವೋ, ಗುಡ್ಡದ ಹಿಂದೆ ಬೆರಳಿನಿಂದ ಒರೆಸಿದಷ್ಟು ಕಪ್ಪು ಕಂಡಿತು. ನಾನು ಏನೂ ಅನ್ನಲಿಲ್ಲ. ದಂಡೆಯಲ್ಲೇ ಉಳಿದಿದ್ದ ಬಾಬ್ ಕೂಡ ಕೂಗಲಿಲ್ಲ. ನಮ್ಮವರು ತಾವೇ ವೇಗ ಇಳಿಸಿ, ಕೂತಲ್ಲಿಂದಲೇ ಬೋಟು ತಿರುಗಿಸಿದರು.

ದಂಡೆ ಸೇರಿ ಬೋಟು ಮೇಲೆಳೆದು, ಪಟ್ಟಿ ಬಿಗಿದು, ಮೂವರೂ ಕಾರಿನ ಹತ್ತಿರ ಕೂತು ಕಾದೆವು. ಮಳೆ ಬರಲಿಲ್ಲ. ಕಪ್ಪು ಕರಗಿ ಹೋಗಿ ಹೊಳೆಹೊಳೆಯುವ ಬಿಸಿಲು ಬಿತ್ತು. ಹಕ್ಕಿ ನೋಡಲು ಬಂದಿದ್ದ ಕಾಲೇಜು ಹುಡುಗರು ಇಷ್ಟು ಬೇಗ ವಾಪಸ್ಸೇ ಎಂದು ನಮ್ಮನ್ನು ನೋಡಿ ಮುಸಿಮುಸಿ ನಕ್ಕರು. ನಮ್ಮವರು ಫ್ಲಾಸ್ಕಿನ ಚಹಾ ಬಗ್ಗಿಸಿ ನನಗೊಂದು ಕಪ್ಪು ಕೊಟ್ಟು, ಬಿಸಿಲಿಗೆ ಕಾಲು ಚಾಚಿದರು. ಬಾರದೇ ಹೋದ ಆ ಮಳೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಚಹಾ ಸ್ವಲ್ಪ ಆರಿತ್ತು, ಸಕ್ಕರೆ ಹೆಚ್ಚಾಗಿತ್ತು. ನಾನು ಇನ್ನೊಂದು ಕಪ್ಪು ಕೇಳಿದೆ.